ಗೂಬೆಯ ಮನೆತನ

ನಮ್ಮ ಅತ್ತಿಗೆಗೆ ಹಾಡು ಅಂದರೆ ಅಷ್ಟಕ್ಕಷ್ಟೇ. ಅಂಥವರು ಈಗ ನಮ್ಮ ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ಹೌಸ್ ಮ್ಯೂಸಿಕ್, ಅಂದರೆ ಒಂದೇ ಸಮನೆ ಬಡಿಯುವ ಡಾನ್ಸ್ ಸಂಗೀತ, ಹಾಕುತ್ತಾರೆ. ಇದಕ್ಕೆಲ್ಲ ಮೂಲ ನಮ್ಮಣ್ಣನ ಕಿವಿ.

ಅಣ್ಣನಿಗೆ ಕಿವಿ ಮಂದ. ಕಿವಿಯಂತ್ರವನ್ನು ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟು, ಎಲ್ಲ ಕೇಳಿಸಿದವನಂತೆ ತಲೆಯಾಡಿಸುತ್ತಿದ್ದ. ಒಮ್ಮೆ ಗಿರಾಕಿಯೊಬ್ಬರು "ಗಂಜಿ ಹಾಕ್ಬೇಡಿ" ಅಂದದ್ದು ಅವನಿಗೆ "ಹಾಕ್ಬಿಡಿ" ಎಂದು ಕೇಳಿಸಿತು. ಅವರ ಅಂಗಿ ಮೇಜಿನ ಮೇಲೆ ತಾನೇ ಎದ್ದು ನಿಂತಿತು! ಗಿರಾಕಿ ನಕ್ಕರು, ನಾನೂ ನಕ್ಕೆ. ಅಣ್ಣ ನಗಲಿಲ್ಲ.

"ನನ್ನ ಕೈಲಾಗಲ್ಲ. ಇನ್ಮೇಲೆ ನೀವಿಬ್ರೇ ನೋಡ್ಕೊಳ್ಳಿ."

ಅತ್ತಿಗೆಯ ಮುಖ ಸಪ್ಪಗಾಯಿತು. ಅವರ ಸಂಸಾರವೆಲ್ಲ ನಡೆದದ್ದೇ ಆ ಎರಡು ಇಸ್ತ್ರಿ ಮೇಜುಗಳ ನಡುವೆ. ಬಾಕಿ ಬಟ್ಟೆಯ ನೆಪ ಹೇಳಿ ಅವನನ್ನು ಹೇಗೋ ತಡೆದರು.

ಆಗಲೇ ನನ್ನ ಫೋನು ತಾನಾಗಿ ಯಾವುದೋ ಟ್ರ್ಯಾಕ್ ಹಾಕಿತು. ಕಲಾವಿದನ ಹೆಸರು ಓದಲು ಬರುವಂತಿರಲಿಲ್ಲ, ಚಿತ್ರದಲ್ಲಿ ನೀಲಿ ಗೂಬೆಯಿತ್ತು. ಸ್ಪೀಕರ್ ಇದ್ದದ್ದು ಅಣ್ಣನ ಮೇಜಿನ ಕೆಳಗೆ. ಅವನು ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದ.

"ಏನೋ ಗುದ್ದುತ್ತಲ್ಲೇ! ಚೆನ್ನಾಗಿದೆ."

ಮರುದಿನ ಕರೆಯದೆಯೇ ಬಂದ. ಆದರೆ ಗೂಬೆ ಮಾಡಿದ್ದೇ ಮೂರು ಟ್ರ್ಯಾಕ್. ಕೆಲವು ವಾರ ಕಳೆಯುವಷ್ಟರಲ್ಲಿ ಅಣ್ಣ, "ಮತ್ತೆ ಅದೇ ರಾಗ, ಅದೇ ಹಾಡಾ?" ಎಂದು ಚಪ್ಪಲಿ ಮೆಟ್ಟಿ ಮನೆಗೆ ಹೊರಟ. ಮರುದಿನದಿಂದ ಅಂಗಡಿಗೆ ಬರುವುದನ್ನೇ ಬಿಟ್ಟ.

"ಇದನ್ನ ಏನಂತಾರೆ?" ಅತ್ತಿಗೆ ನನ್ನನ್ನು ಕೇಳಿದರು.

"ಹೌಸ್ ಅಂತಾರೆ ಅತ್ತಿಗೆ."

"ಮನೆತನದ ಹೆಸರಾ? ಹಾಗಾದ್ರೆ ಅಣ್ಣತಮ್ಮಂದಿರು ಇದ್ದೇ ಇರ್ತಾರೆ. ಹುಡುಕು."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಗೂಬೆಯ ಕೆಳಗೆ "ಇವರಂಥ ಇತರ ಕಲಾವಿದರು" ಎಂಬ ಸಾಲು ನಿಜಕ್ಕೂ ಇತ್ತು! ಅತ್ತಿಗೆ ಬೀಗಿದರು: "ನೋಡಿದ್ಯಾ? ನೆಂಟರೆಲ್ಲ ಇಲ್ಲೇ ಇದ್ದಾರೆ."

ಅಲ್ಲಿಂದ ಶುರುವಾಯಿತು ನಮ್ಮ ವಂಶಾವಳಿ ಶೋಧ. ನಾನು ಒಬ್ಬೊಬ್ಬರನ್ನೇ ಹಾಕುವುದು, ಅತ್ತಿಗೆ ಸ್ಪೀಕರನ್ನು ತಮ್ಮ ಮೇಜಿನ ಕೆಳಗೆ ಎಳೆದುಕೊಂಡು, ಮೇಲೆ ಕೈಯಿಟ್ಟು ತೀರ್ಪು ಕೊಡುವುದು. ಬರೀ ಸೀಟಿ ಹೊಡೆದವನಿಗೆ, "ಇವನು ಬೀಗರ ಕಡೆಯವನು. ಸದ್ದು ಜಾಸ್ತಿ, ಕೈಗೆ ಏನೂ ಹತ್ತಲ್ಲ." ಇಸ್ತ್ರಿಪೆಟ್ಟಿಗೆಯೇ ಕಾಲರಿನ ಮೇಲೆ ಓಡುವಷ್ಟು ಬಿರುಸಾಗಿ ಬಡಿದವನಿಗೆ, "ದಾಯಾದಿ. ಜಗಳಕ್ಕೇ ಬಂದಿದ್ದಾನೆ." ನಡುವೆ ಗೋಳಾಡಿದ ಗಾಯಕಿಗೆ, "ಓರಗಿತ್ತಿ ಇರ್ಬೇಕು, ಪಾಪ." ಒಬ್ಬರ ನೆಂಟರಿಂದ ಅವರ ನೆಂಟರಿಗೆ ಹೋಗಿ ಹೋಗಿ ನನಗೆ ಸಾಕುಬೇಕಾಯಿತು.

ಕೊನೆಗೆ ಅರ್ಧ ತೆರೆದ ಕಿಟಕಿಯ ಚಿತ್ರದವನೊಬ್ಬ ಸಿಕ್ಕ. ಅವನ ಬಡಿತ ಆತುರವಿಲ್ಲದೆ, ನೆಲದಿಂದಲೇ ಎದ್ದು ಬರುತ್ತಿತ್ತು. ಅತ್ತಿಗೆ ಸ್ಪೀಕರನ್ನು ಮತ್ತೆ ಅಣ್ಣನ ಮೇಜಿನ ಕೆಳಗೆ ತಳ್ಳಿದರು.

ಆ ಸಂಜೆ ಅಣ್ಣ ತನ್ನ ಇಸ್ತ್ರಿಪೆಟ್ಟಿಗೆಯನ್ನೇ ಮನೆಗೆ ಒಯ್ಯಲು ಬಂದ. ವೈರು ಸುತ್ತುತ್ತ ಸುತ್ತುತ್ತ ಅವನ ಕೈ ನಿಂತಿತು. ಅಂಗೈ ಮೇಜಿಗೆ ಇಳಿಯಿತು.

"ಇದು ಗೂಬೆ ಅಲ್ಲ," ಎಂದ.

ಅತ್ತಿಗೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತರು.

"ಅವನ ತಮ್ಮ ಇರ್ಬೇಕು. ಕೈ ಒಂದೇ ಥರ ಇದೆ."

ಹೌಸ್ ಎಂದರೇನೆಂದು ಗಂಡಹೆಂಡಿರಿಗೆ ತಿಳಿಹೇಳುವ ಆಸೆಯನ್ನು ನಾನು ಅಂದೇ ಬಿಟ್ಟೆ. ಅಣ್ಣ ವೈರು ಬಿಚ್ಚಿ ಪ್ಲಗ್ ಹಾಕಿದ. ಅತ್ತಿಗೆಯತ್ತ ಕೈ ಚಾಚಿದ.

"ಎಲ್ಲಿ, ಆ ಅಂಗಿ ಕೊಡು. ನಂಗೆ ಕಿವಿ ಕೇಳ್ಸಲ್ಲ ಕಣೇ. ಗಂಜಿ ಬೇಕೋ ಬೇಡ್ವೋ, ಕೈಯಲ್ಲಿ ತೋರಿಸು."