ಹುಟ್ಟು ಸಾವಿನ ಚೀಟಿ ಹೊರುವ ಗುರುವಪ್ಪ

ಮೂಡಲು ಇನ್ನೂ ಕೆಂಪೇರಿಲ್ಲ. ನಂಗಲಿ ಕಡೆಯಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ ಗುರುವಪ್ಪ ಬಿರಬಿರನೆ ನಡೆಯುತ್ತಿದ್ದಾರೆ. ಹೆಗಲ ಮೇಲೆ ಕಂಬಳಿ, ರುಮಾಲಿನ ಮಡಿಕೆಯಲ್ಲಿ ಒಂದು ಚೀಟಿ. ಆ ವಾರ ಊರಿನಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾವ ಕಾಯಿಲೆಯಿಂದ ಎಂದು ಶಾನುಭೋಗರು ಬರೆದುಕೊಟ್ಟದ್ದು ಅದು. ಕಚೇರಿ ಬಾಗಿಲು ತೆಗೆಯುವಷ್ಟರಲ್ಲಿ ಅವರು ಅಲ್ಲಿರಬೇಕು.

ಬಸ್ಸಿದೆಯಲ್ಲ ಎಂದರೆ ನಗುತ್ತಾರೆ. "ಯುದ್ಧ ಬಂದ್ಮೇಲೆ ಪೆಟ್ರೋಲಿಲ್ಲ, ಇದ್ದಿಲು ಬಸ್ಸಲ್ವಾ ಸ್ವಾಮಿ. ದಿಣ್ಣೆ ಬಂದ್ರೆ ನಾವೇ ಇಳಿದು ತಳ್ಬೇಕು. ನಡೆಯೋದೇ ವಾಸಿ."

ಗುರುವಪ್ಪನವರಿಗೆ ಈಗ ಐವತ್ತೆರಡು. ಊರ ಚಾಕರಿ ಮಾಡುವ ತೋಟಿಯಾಗಿ ಇಪ್ಪತ್ತೆಂಟು ವರ್ಷ. ಹೋಗಲು ಹತ್ತು ಮೈಲಿ, ಬರಲು ಹತ್ತು ಮೈಲಿ. ಸರ್ಕಾರದ ಆಜ್ಞೆ ಬಂದರೆ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ತಮಟೆ ಹೊಡೆದು ಸಾರುವುದೂ ಅವರ ಕೆಲಸವೇ. ಓದು ಬರಹ ಬಾರದು. ಚೀಟಿಯ ಬೆಲೆ ಮಾತ್ರ ಚೆನ್ನಾಗಿ ಗೊತ್ತು. "ಇಲ್ಲಿ ಕಾಯಿಲೆ ಬಂದೈತೆ ಅಂತ ಚೀಟಿ ಹೇಳಿದ್ರೇನೇ ಅಲ್ಲಿಂದ ಔಷಧಿ ಹೊರಡೋದು" ಎನ್ನುತ್ತಾರೆ.

ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ ಆ ಚೀಟಿಯೇ ಸುಳ್ಳು ಹೇಳಿತು. ನಾಲ್ಕು ದಿನದಲ್ಲಿ ಊರಿನ ಮೂವರು ವಾಂತಿಭೇದಿಯಿಂದ ಸತ್ತಿದ್ದರು. ಕಾಲರಾ ಎಂದು ಬರೆದರೆ ಸಂತೆ ನಿಲ್ಲುತ್ತದೆ, ಬಾವಿಗೆ ಕಾವಲು ಬೀಳುತ್ತದೆ. ಹಿರಿಯರು ಸೇರಿ ಜ್ವರ ಎಂದು ಬರೆಸಿದರು. ಅದೆಲ್ಲ ಗುರುವಪ್ಪನವರ ಕಿವಿಗೂ ಬಿದ್ದಿತ್ತು.

ಮುಳಬಾಗಿಲಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಚನ್ನರಾಯಪ್ಪ ಚೀಟಿ ಓದಿ ತಲೆಯೆತ್ತಿದರು. "ಒಂದೇ ವಾರಕ್ಕೆ ಮೂರು ಸಾವು. ಎಂಥಾ ಜ್ವರ ಇದು?"

ನಿಜ ಹೇಳಿದರೆ ಊರು ತಮ್ಮನ್ನು ಬಿಡುವುದಿಲ್ಲವೆಂದು ಗುರುವಪ್ಪನವರಿಗೆ ಗೊತ್ತಿತ್ತು. ಆದರೂ ಹೇಳಿದರು: "ಅದ್ರಲ್ಲೇನು ಬರೆದೈತೋ ನಂಗೆ ಓದಕ್ಕೆ ಬರಲ್ಲ ಸ್ವಾಮಿ. ನಾ ಕಂಡಿದ್ದು ವಾಂತಿಭೇದಿ. ಮೂರೂ ಗುಂಡಿ ತೋಡಿದ್ದು ನಾನೇ."

ಅಂದೇ ಮಧ್ಯಾಹ್ನ ಇನ್‌ಸ್ಪೆಕ್ಟರು ಬ್ಲೀಚಿಂಗ್ ಪೌಡರು, ಸೂಜಿಮದ್ದು ಕಟ್ಟಿಕೊಂಡು ಊರಿಗೆ ಬಂದರು. ಸಂತೆ ಮೂರು ವಾರ ನಿಂತಿತು. ನೀರು ಕುದಿಸಿ ಕುಡಿಯಿರಿ ಎಂದು ಬೀದಿಬೀದಿ ಸಾರಿದವರೂ ಗುರುವಪ್ಪನವರೇ. ನಾನೂರ ಹನ್ನೆರಡು ಜನಕ್ಕೆ ಸೂಜಿ ಹಾಕಿದರು. ಮತ್ತೊಂದೇ ಸಾವಿಗೆ ರೋಗ ನಿಂತಿತು.

ಊರಿನ ಸಿಟ್ಟು ನಿಲ್ಲಲಿಲ್ಲ. ಆ ವರ್ಷ ಸುಗ್ಗಿಯ ಕಣದಲ್ಲಿ ತೋಟಿಗೆ ಕೊಡುವ ರಾಗಿಯನ್ನು ಯಾರೂ ಕೊಡಲಿಲ್ಲ. "ಎಂದುಕಯ್ಯಾ ನೀಕೀ ಗೊಡವ, ನಿಂಗ್ಯಾಕೆ ಈ ಉಸಾಬರಿ ಅಂತ ನಾನೂ ಬೈದೆ. ಮನೇಲಿ ಹಿಟ್ಟಿರ್ಲಿಲ್ಲ" ಎನ್ನುತ್ತಾರೆ ಹೆಂಡತಿ ಮುನಿಯಲ್ಲಮ್ಮ. ಒಂದು ಸಂಜೆ ದೊಡ್ಡವೆಂಕಟಮ್ಮ ಎಂಬ ರೈತ ಹೆಂಗಸು ಒಂದು ಮೊರ ರಾಗಿ ತಂದು ಅವರ ಬಾಗಿಲಲ್ಲಿಟ್ಟರು. ಕಾಲರಾ ಹಿಡಿದೂ ಬದುಕಿದವನು ಅವರ ಮಗ. "ನಿನ್ನಿಂದ ಉಳಿದ ಕಣಪ್ಪಾ" ಎಂದಷ್ಟೇ ಹೇಳಿ ಹೋದರಂತೆ. ಮುಂದಿನ ಸುಗ್ಗಿಗೆ ಉಳಿದವರೂ ಕೊಟ್ಟರು.

ಈಗ ಪ್ರತಿ ಬೇಸಗೆಯಲ್ಲೂ ಊರ ಬಾವಿಗೆ ಪೌಡರ್ ಬೀಳುತ್ತದೆ. ಗುರುವಪ್ಪನವರ ಬೀದಿಯವರು ಆ ಬಾವಿಯ ನೀರು ಸೇದುವ ಹಾಗಿಲ್ಲ. ಅವರಿಗೆ ಕೆರೆಯ ನೀರೇ ಗತಿ. ತಮ್ಮ ಬೀದಿಗೊಂದು ಬಾವಿ ಬೇಕೆಂದು ಅವರು ಇನ್‌ಸ್ಪೆಕ್ಟರ ಕೈಲೇ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದ್ದಾರೆ. ಉತ್ತರ ಬಂದಿಲ್ಲ.

"ಬರ್ತೈತೆ ಸ್ವಾಮಿ. ಬಾವಿ ಒಂದಾಗ್ಲಿ, ಅದಕ್ಕೆ ಪೌಡರ್ ನಾನೇ ಹಾಕ್ತೀನಿ. ಎಷ್ಟು ನೀರಿಗೆ ಎಷ್ಟು ಅಂತ ಕಲ್ತಿಟ್ಕೊಂಡಿದೀನಿ."