ಬೇವು ಕಡಿದ ಮೇಲಿನ ಬಿಸಿಲು

ಬಿಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾನು ಕೊಟ್ಟೂರಿನ ಬೀದಿಗಳಲ್ಲಿ ಮರದ ನೆರಳು ಎಷ್ಟು ತಂಪು ಎಂದು ಅಳೆಯುತ್ತಿದ್ದೆ. ಒಂದು ದಿನ ಥರ್ಮಾಮೀಟರ್ ಹಿಡಿದು ಹೋದರೆ ದೊಡ್ಡ ಬೇವಿನ ಮರವನ್ನೇ ಕಡಿದು ಕೆಡವಿದ್ದರು. ಅದರಡಿ ಸೊಪ್ಪು ಮಾರುತ್ತಿದ್ದ ಹಾಲಮ್ಮ ಬಿಸಿಲಲ್ಲೇ ಕೂತು, ಬಾಡುತ್ತಿದ್ದ ಮೆಂತ್ಯಕ್ಕೆ ನೀರು ಚಿಮುಕಿಸುತ್ತಿದ್ದಳು.

"ಯಾಕ್ರಿ ಕಡಿಸಿದ್ರಿ?" ಎಂದು ಅಲ್ಲೇ ನಿಂತು ರಸ್ತೆ ಅಗಲ ಮಾಡಿಸುತ್ತಿದ್ದ ಗುತ್ತಿಗೆದಾರನನ್ನು ಕೇಳಿದೆ.

ಆತ ನಕ್ಕ. "ನಿನಗ ಚಲೋ ಆತಲ್ಲವ್ವ, ಈಗ ಮರ ಇಲ್ಲದ ಬಿಸಿಲೂ ಅಳೀಬೌದು."

ಮೈಯೆಲ್ಲ ಉರಿದುಹೋಯಿತು. ಥರ್ಮಾಮೀಟರನ್ನು ಅವನ ಕೈಗೇ ತುರುಕಿದೆ. "ಹಂಗಾರ ನೀವ ಹಿಡ್ಕೊಂಡು ನಿಂದರ್ರಿ, ನಾ ಬರ್ಕೊಂತೀನಿ."

ಸ್ವಲ್ಪ ಹೊತ್ತಿಗೇ ಆತ ಥರ್ಮಾಮೀಟರ್ ವಾಪಸ್ ಕೊಟ್ಟು, ಬೆವರು ಒರೆಸಿಕೊಳ್ಳುತ್ತ ತನ್ನ ಕಾರಿಗೆ ಹೋಗಿ ಎ.ಸಿ. ಹಾಕಿಕೊಂಡು ಕೂತ. ಅದನ್ನೂ ವರದಿಯಲ್ಲಿ ಬರೆದೆ.

"ಇದು ವಿಜ್ಞಾನ ಅಲ್ಲಮ್ಮ," ಎಂದು ನಮ್ಮ ಗೈಡ್ ಆ ಸಾಲು ಹೊಡೆದುಹಾಕಿದರು. ಇಡೀ ವರದಿಯಲ್ಲಿ ನನ್ನ ಕಣ್ಣೆದುರೇ ಸಾಬೀತಾಗಿದ್ದು ಅದೊಂದೇ ಆಗಿತ್ತು.