ನಿನ್ನೆ ರಾತ್ರಿ ಇಲ್ಲಿ ಮಲಗಿದ್ದವರು

ಬೆಳಗಿನ ಐದೂಕಾಲು. ಬಾಗಿಲು ತಟ್ಟುವ ಮೊದಲು, ಊರಿನ ಜನರನ್ನು ಎಣಿಸುವ ಅಜ್ಜಿ ಲಿಗಿ ತಾಫಾತು ಬಟ್ಟೆ ಒಣಹಾಕುವ ಹಗ್ಗ ನೋಡುತ್ತಾರೆ. ಒದ್ದೆ ಟವೆಲ್ ಇದ್ದರೆ ಮನೆಯಲ್ಲಿ ಜನ ಇದ್ದಾರೆ. ಬಿಸಿಲೇರಿದರೆ ಎಲ್ಲರೂ ಕೆಸುವಿನ ತೋಟಕ್ಕೆ ಹೊರಟುಬಿಡುತ್ತಾರೆ.

"ನಿನ್ನೆ ರಾತ್ರಿ ಇಲ್ಲಿ ಯಾರ್ಯಾರು ಮಲಗಿದ್ರಿ?"

ನಿಯುವೆ ದ್ವೀಪದ ನಮ್ಮ ಊರಿನಲ್ಲಿ ಮೂವತ್ತನಾಲ್ಕು ವರ್ಷಗಳಿಂದ, ವರ್ಷಕ್ಕೊಮ್ಮೆ, ಅವರು ಕೇಳುವ ಪ್ರಶ್ನೆ ಇದೊಂದೇ. ಮನೆಗಳು ಅರವತ್ತೊಂದು. ಜನವಿರುವುದು ಹದಿನೇಳರಲ್ಲಿ. ಉಳಿದವರು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದಾರೆ.

ಈ ಸಲ ನಾನೂ ಅವರ ಜೊತೆ ಹೊರಟಿದ್ದೇನೆ. ಬೀಗ ಹಾಕಿದ ಮನೆಯೊಂದರ ಮುಂದೆ ಲಿಗಿ ನಗುತ್ತಾರೆ. "ಇಲ್ಲಿ ಹನ್ನೊಂದು ಜನ ಇದ್ರು. ನಾನು ಹೆಸರು ಬರೆಯೋ ಅಷ್ಟರಲ್ಲಿ ಒಬ್ಬ ಕಿಟಕಿ ಹಾರಿ ಪಕ್ಕದ ಮನೆಗೆ ಹೋಗಿ, ಅಲ್ಲೂ ಲೆಕ್ಕಕ್ಕೆ ಸೇರ್ಕೊಳ್ತಿದ್ದ. ಆಗ ನಾಲ್ಕು ಹಾಳೆ ಬೇಕಾಗ್ತಿತ್ತು."

ಈಗ ಒಂದೇ ಹಾಳೆ. ಊರಲ್ಲಿ ನಲವತ್ತು ಜನ ಇದ್ದರೆ ನರ್ಸ್ ವಾರಕ್ಕೊಮ್ಮೆ ಬರುತ್ತಾಳೆ. ಕಡಿಮೆಯಾದರೆ ತಿಂಗಳಿಗೊಮ್ಮೆ. ಕಳೆದ ವರ್ಷ ನಲವತ್ತಮೂರು ಇತ್ತು.

ಹನ್ನೆರಡನೆಯ ಮನೆ ನನ್ನದು. ಪ್ರಶ್ನೆ ಕೇಳಿದಾಗ ಅಭ್ಯಾಸಬಲದಿಂದ "ಇಬ್ಬರು" ಎಂದೆ. ಲಿಗಿ ಪೆನ್ಸಿಲ್ ಎತ್ತಲಿಲ್ಲ. ಅಂಗಳದಲ್ಲಿರುವ ಹೊಸ ಸಮಾಧಿಯ ಮೇಲಿನ ಒಣಗಿದ ಎಲೆಯೊಂದನ್ನು ತೆಗೆದು ಕಾದರು. "ಒಬ್ಬಳು" ಎಂದೆ. ಬರೆದುಕೊಂಡರು.

ಕೊನೆಯ ಮನೆ ಅವರ ಅಣ್ಣ ಫಾಪೋಯಿಯದು. ಆರದ ಗಾಯದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಾರೆ. ವಾರ ವಾರ ನರ್ಸ್ ಬಂದು ಪಟ್ಟಿ ಬದಲಾಯಿಸಬೇಕು.

"ಎಷ್ಟಾಯ್ತೇ?"

"ನಿನ್ನನ್ನೂ ಸೇರಿಸಿ ಮೂವತ್ತೊಂಬತ್ತು."

"ನಿನ್ನ ಮೊಮ್ಮಕ್ಕಳ ಹೆಸರು ಬರಿ. ಮೂರೂ ಮಕ್ಕಳ ಹೊಕ್ಕುಳಬಳ್ಳಿ ಹೂತಿರೋದು ಇದೇ ತೆಂಗಿನ ಬುಡದಲ್ಲಿ. ಈ ಊರಿನವಲ್ವಾ ಅವು?"

"ಹೊಕ್ಕುಳಬಳ್ಳಿ ಮಲಗಿದೆ ಅಣ್ಣ. ಮಕ್ಕಳು ಮಲಗಿಲ್ಲ."

"ನನ್ನ ಕಾಲು ಕೊಳೆತ್ರೂ ಪರವಾಗಿಲ್ಲ, ನಿನ್ನ ಹಾಳೆ ಮಾತ್ರ ಚೊಕ್ಕವಾಗಿರ್ಬೇಕು!"

"ಬಾಯಿ ಮುಚ್ಕೊಂಡು ಕಾಲು ಈಚೆ ಕೊಡು." ಪಟ್ಟಿ ಕಟ್ಟುವುದನ್ನು ಲಿಗಿ ಹೋದ ವಾರವೇ ನರ್ಸಿನಿಂದ ಕಲಿತಿದ್ದಾರೆ. ಕೈ ತೊಳೆದು ಪಟ್ಟಿ ಬಿಚ್ಚುತ್ತಾರೆ.

ಒಮ್ಮೆ ಲಿಗಿಯೂ ತಪ್ಪು ಬರೆದಿದ್ದರು. ಎಂಟು ವರ್ಷದ ಹಿಂದೆ, ಮಗಳ ಸಂಸಾರ ವಿಮಾನ ಹತ್ತಿದ ಮೂರನೇ ದಿನ. "ಮೊಮ್ಮಕ್ಕಳ ಹೆಸರನ್ನ ಕೈ ತಾನಾಗೇ ಬರೀತು. ಆಮೇಲೆ ಆ ಲೆಕ್ಕ ನೋಡಿ ಶಾಲೆಯಿಂದ ಅವರ ಹೆಸರಿನ ಚೀಟಿ ಅಂಟಿಸಿದ ಮೂರು ಪುಸ್ತಕದ ಚೀಲ ಬಂತು. ವಾಪಸ್ ಕಳಿಸೋಕೆ ಮನಸ್ಸಾಗ್ಲಿಲ್ಲ." ಚೀಲಗಳು ಇಂದಿಗೂ ಅವರ ಬಾಗಿಲ ಹಿಂದಿನ ಮೊಳೆಯಲ್ಲಿವೆ. "ಇದ್ದಾರೆ ಅಂತ ಬರೆದ್ರೆ, ಹೋದ್ರು ಅನ್ನೋದು ಯಾರಿಗೂ ಗೊತ್ತಾಗಲ್ಲ. ವಾಪಸ್ ಬನ್ನಿ ಅಂತ ಯಾರೂ ಕರೆಯೋದೂ ಇಲ್ಲ."

ಮೂವತ್ತೊಂಬತ್ತು ಎಂದು ಬರೆದು ಸಹಿ ಮಾಡುತ್ತಾರೆ. ಹಾಳೆಯ ಕೆಳಗೆ ಹನ್ನೊಂದು ಸಾಲು ಖಾಲಿ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ.

"ಒಂದ್ಸಲ ಕಚೇರಿಗೆ ಹೋಗಿ ಕೇಳ್ಬೇಕು ಕಣಮ್ಮ, ಇದು ತುಂಬೋಯ್ತು, ಇನ್ನೊಂದು ಹಾಳೆ ಕೊಡಿ ಅಂತ."